ಹಳೇ ಸೆಸ್ನಾ ಜಾಸ್ತಿ ಪೆಟ್ರೋಲ್ ಕುಡಿಯುತ್ತಿದೆಯಾ? ಮೊದಲೇ ಕಾರ್ಬ್ಯುರೇಟರ್ ಬಿಚ್ಚಿಸಬೇಡಿ

ನನ್ನ ಹಾಗೆ ಅಮೆರಿಕದಲ್ಲಿ ಹಳೇ ಪುಟ್ಟ ವಿಮಾನದಲ್ಲಿ ಪಾಲು ತೆಗೆದುಕೊಂಡು ಹಾರಿಸುವವರು ಯಾರಾದರೂ ಇದ್ದರೆ ಇದನ್ನು ಓದಿ. ನಮ್ಮ ಕೈ ಸುಟ್ಟಿದ್ದು ಸಾಕು.

ನಮ್ಮದು 1966ರ ಸೆಸ್ನಾ 150. ಮೂವರು ಸ್ನೇಹಿತರ ಪಾಲು. 100 ಅಶ್ವಶಕ್ತಿಯ ಕಾಂಟಿನೆಂಟಲ್ ಓ-200 ಎಂಜಿನ್. ಹದವಾಗಿ ಹಾರಿಸಿದರೆ ಗಂಟೆಗೆ ಐದೂವರೆ ಗ್ಯಾಲನ್, ಅಂದರೆ ಸುಮಾರು 21 ಲೀಟರ್ ಕುಡಿಯಬೇಕು. ನಮ್ಮದು ಏಳು ಗ್ಯಾಲನ್ ಹತ್ತಿರ ಕುಡಿಯುತ್ತಿತ್ತು. ಟ್ಯಾಂಕುಗಳಲ್ಲಿ ಬಳಕೆಗೆ ಸಿಗುವುದೇ 22.5 ಗ್ಯಾಲನ್. ನಾಲ್ಕು ಗಂಟೆ ಬರಬೇಕಾದದ್ದು ಮೂರು ಗಂಟೆ ಚಿಲ್ಲರೆಗೆ ಖಾಲಿ. ಹಗಲಲ್ಲಿ ಹಾರಲು ಅರ್ಧ ಗಂಟೆಯಷ್ಟು ಮಿಗಿಸಿಕೊಂಡಿರಬೇಕು ಅಂತ ನಿಯಮ ಬೇರೆ. ಹಳೇ ಲೆಕ್ಕ ನಂಬಿ ದೂರ ಹೊರಟಿದ್ದರೆ ಯಾವುದೋ ಹೊಲದಲ್ಲಿ ಇಳಿಯಬೇಕಾಗುತ್ತಿತ್ತು.

ವರ್ಕ್‌ಶಾಪಿಗೆ ಕೊಟ್ಟೆವು. ಮೆಕ್ಯಾನಿಕ್ ಎಂಜಿನ್ ಸ್ಟಾರ್ಟ್ ಕೂಡ ಮಾಡಿ ನೋಡಲಿಲ್ಲ. ಕಾರ್ಬ್ಯುರೇಟರ್ ಫ್ಲೋಟ್ (ಒಳಗೆ ಪೆಟ್ರೋಲ್ ಮಟ್ಟ ಕಾಯುವ ತೇಲು) ಹೋಗಿದೆ ಅಂದ. ಓವರ್‌ಹಾಲ್ ಆದದ್ದೊಂದು ತರಿಸಿ ಕೂರಿಸಿದ. ಬಿಲ್ ನೋಡಿ ಮೂವರಿಗೂ ಮಾತೇ ಹೊರಡಲಿಲ್ಲ. ಹಾರಿ ಬಂದು ಟ್ಯಾಂಕ್ ತುಂಬಿಸಿದರೆ ಮತ್ತೆ ಅದೇ ಏಳು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದರು. ಹೋಗಿ ಕೇಳಿದರೆ ಕಿಡಿ ಹೊತ್ತಿಸುವ ಮ್ಯಾಗ್ನೆಟೋ ನೋಡೋಣ, ಸಿಲಿಂಡರ್ ನೋಡೋಣ ಅಂತ ಶುರು.

ಪಕ್ಕದ ಹ್ಯಾಂಗರಿನ ಹಿರಿಯರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ವಿಮಾನದ ಪುಸ್ತಕದಲ್ಲಿ ಇರುವುದಕ್ಕಿಂತ ಜೋರಾಗಿ ಹೋಗ್ತಿದೆಯಾ?" ಹೋಗುತ್ತಿತ್ತು. ಅವರು ಅಂಗೈಯಷ್ಟಿದ್ದ ಆಪ್ಟಿಕಲ್ ಟ್ಯಾಕೋಮೀಟರ್ (ಬೆಳಕಿನಿಂದಲೇ ಸುತ್ತು ಎಣಿಸುವ ಮೀಟರ್) ತಂದು ನನ್ನ ಪಕ್ಕ ಕೂತರು. ಮೇಲೆ ಹೋದ ಮೇಲೆ ಮುಂದಿನ ಗಾಜಿನ ಒಳಗಿಂದಲೇ ಅದನ್ನು ಪ್ರೊಪೆಲರ್ ಕಡೆ ಹಿಡಿದರು. ವಿಮಾನದ ಟ್ಯಾಕೋಮೀಟರಿನ ಮುಳ್ಳು ನಿಮಿಷಕ್ಕೆ 2500 ಸುತ್ತು (ಆರ್‌ಪಿಎಂ) ಅನ್ನುತ್ತಿದ್ದರೆ ಅದು 2650 ಅಂತು.

ಆ ಕಾಲದ ಟ್ಯಾಕೋಮೀಟರಿನಲ್ಲಿ ಮುಳ್ಳನ್ನು ಎಳೆಯುವುದು ಕೇಬಲ್ಲಿನಿಂದ ತಿರುಗುವ ಅಯಸ್ಕಾಂತ. ವರ್ಷ ಕಳೆದಂತೆ ಅದರ ಎಳೆತ ಕುಗ್ಗಿ ಮುಳ್ಳು ಕಮ್ಮಿ ತೋರಿಸುತ್ತದೆ. ಮುಳ್ಳು ನಂಬಿ ನಾವು ಎಂಜಿನ್ನನ್ನು ಬೇಕಾದ್ದಕ್ಕಿಂತ ಜೋರಾಗಿ ಓಡಿಸುತ್ತಿದ್ದೆವು. 150 ಆರ್‌ಪಿಎಂ ಏನು ಮಹಾ ಅನ್ನಬೇಡಿ. ಪ್ರೊಪೆಲರ್ ಶೇಕಡಾ 6 ಜಾಸ್ತಿ ತಿರುಗಿದರೆ ಬೇಕಾಗುವ ಶಕ್ತಿ ಸುಮಾರು ಶೇಕಡಾ 19 ಏರುತ್ತದೆ. ಪೆಟ್ರೋಲೂ ಹೆಚ್ಚುಕಮ್ಮಿ ಅಷ್ಟೇ.

ಉಳಿದ ನಷ್ಟ ಬಲಗಡೆ ಟ್ಯಾಂಕಿನ ಮುಚ್ಚಳದ ಸೋರಿಕೆಯದ್ದು. ರಬ್ಬರ್ ವಾಷರ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಹಾರುವಾಗ ರೆಕ್ಕೆಯ ಮೇಲುಗಡೆ ಗಾಳಿಯ ಒತ್ತಡ ಕಮ್ಮಿ ಅಲ್ವಾ, ಅದು ಪೆಟ್ರೋಲನ್ನು ಹೊರಗೆ ಹೀರುತ್ತದೆ. ಮುಚ್ಚಳದ ಹಿಂದೆ ಬಿಳಿ ಬಣ್ಣದ ಮೇಲೆ ಬೆರಳಗಲದ ನೀಲಿ ಕಲೆ ಎಳೆದುಕೊಂಡು ಹೋಗಿತ್ತು. ಇಂಥ ವಿಮಾನಕ್ಕೆ ಹಾಕುವ 100ಎಲ್‌ಎಲ್ ಪೆಟ್ರೋಲಿನ ಬಣ್ಣವೇ ನೀಲಿ. ಏಣಿ ಹತ್ತಿದ್ದರೆ ಆ ಮೆಕ್ಯಾನಿಕ್‌ಗೂ ಕಾಣುತ್ತಿತ್ತು.

ಪ್ರೈಮರ್ (ಸ್ಟಾರ್ಟ್ ಮಾಡುವ ಮುಂಚೆ ಎಂಜಿನ್ನಿಗೆ ಪೆಟ್ರೋಲ್ ಒತ್ತುವ ಕೈಪಂಪು) ಪೂರ್ತಿ ಲಾಕ್ ಆಗಿದೆಯಾ, ಅದರ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಸರಿ ಇದೆಯಾ ಅಂತಲೂ ನೋಡಿ. ಅಲ್ಲಿಂದ ಪೆಟ್ರೋಲ್ ನುಸುಳಿದರೆ ಎಂಜಿನ್ ಐಡಲ್‌ನಲ್ಲಿ ಒರಟಾಗಿ ಓಡುತ್ತದೆ. ಪುಸ್ತಕದ ಲೆಕ್ಕ ಮಿಕ್ಸ್ಚರ್ ಲೀನ್ ಮಾಡಿದಾಗಿನದು, ಅಂದರೆ ಗಾಳಿಗೆ ಬೆರೆಯುವ ಪೆಟ್ರೋಲ್ ತಗ್ಗಿಸಿದಾಗಿನದು. ಫುಲ್ ರಿಚ್‌ನಲ್ಲಿ ಹಾರಿಸಿ ಹೋಲಿಸಬೇಡಿ. ಅಳತೆಗೆ ತುಂಬಿಸುವಾಗ ವಿಮಾನ ಸಮತಟ್ಟಾದ ನೆಲದಲ್ಲೇ ನಿಂತಿರಲಿ.

ಕಾರ್ಬ್ಯುರೇಟರ್ ದುಡ್ಡು ವಾಪಸ್ ಬರಲಿಲ್ಲ. ನಮ್ಮ ಹಳೇದನ್ನು ಕೊಡಿ ಅಂದರೆ, ಓವರ್‌ಹಾಲ್ ಆದದ್ದನ್ನು ತರಿಸಿದ್ದಕ್ಕೆ ಬದಲಿಯಾಗಿ ಅದನ್ನು ಆಗಲೇ ಕಳಿಸಿಬಿಟ್ಟಿದ್ದೇವೆ ಅಂದರು. ಏನಾದರೂ ಬದಲಿಸುವ ಮುಂಚೆ ಯಾವ ಟೆಸ್ಟ್ ಮಾಡಿದಿರಿ ಅಂತ ಬರೆಸಿಕೊಳ್ಳಿ. ಹೊಸದು ಹಾಕಿ, ಹಾರಿಸಿ ನೋಡುವ ತನಕ ಹಳೇದು ಕೈಬಿಡಬಾರದು ಅಂತಲೂ ಅದೇ ಹಾಳೆಯಲ್ಲಿ ಬರೆಸಿ.