ಖಾನಾಪುರ ರಸ್ತೆಯ ಕಟ್ಟಿಗೆ ಅಡ್ಡೆ: ತಂಬೂರಿ ಮಾಡುವವರಿಗೆ

ಬೆಳಗಾವಿಯ ಖಾನಾಪುರ ರಸ್ತೆಯ ಈ ಅಡ್ಡೆಗೆ ಜನ ಬರುವುದು ಬಾಗಿಲು, ಚೌಕಟ್ಟಿನ ಕಟ್ಟಿಗೆಗೆ. ಆದರೆ ತಂಬೂರಿ ಮಾಡುತ್ತೇನೆ ಅಂದರೆ ಮಾಲಕರು ಚಹಾ ಬಿಟ್ಟು ಎದ್ದು ಬರುತ್ತಾರೆ. ನಾನು ತೇಗ ಕೇಳಿದ್ದೆ. "ಸುಮ್ನೆ ಭಾರ ಆಗ್ತದರೀ, ತೂನ್ ತಗೊಳ್ರಿ. ಮಿರಜದಾಗ ಅದನ್ನ ಹಚ್ಚತಾರ" ಅಂದರು. ತೂನ್ ಅಂದರೆ ತೇಗಕ್ಕಿಂತ ಹಗುರವಾದ ಮರ, ಮಿರಜ ತಂಬೂರಿ ತಯಾರಿಕೆಗೆ ಹೆಸರಾದ ಊರು. ಹಲಗೆಗಳ ತುದಿ ನೋಡಿ, ಬೆಳವಣಿಗೆಯ ಗೆರೆಗಳು ನೆಟ್ಟಗೆ ನಿಂತಿರುವುದನ್ನೇ ಆರಿಸಿಕೊಟ್ಟರು. ಹಾಗೆ ಕೊಯ್ದ ಹಲಗೆ ಉಬ್ಬುವುದು, ಬಾಗುವುದು ಕಡಿಮೆ. ನಮ್ಮ ಮಳೆಗೆ ಅದು ಬೇಕೇ ಬೇಕು, ಅಲ್ವಾ? ತುದಿಗೆ ಮೇಣ ಬಳಿದು ನೆರಳಲ್ಲಿಡಲು ಹೇಳಿದರು. ಇಲ್ಲದಿದ್ದರೆ ತೇವ ತುದಿಯಿಂದಲೇ ಬೇಗ ಆರಿ ಹಲಗೆ ಸೀಳು ಬಿಡುತ್ತದೆ. ರೇಟು ಮಾತ್ರ ಜಾಸ್ತಿ. ಸಣ್ಣ ತುಂಡು ಕೊಯ್ಸಲು ಶನಿವಾರ ಹೋಗಬೇಡಿ, ಗರಗಸದ ಮುಂದೆ ಬಡಿಗರ ಸಾಲೇ ಇರುತ್ತದೆ.