ಒಂದೇ ಐವತ್ತು ಪುಸ್ತಕ, ನಾಲ್ಕು ಸಲ ದಾಖಲು: ನಮ್ಮೂರ ಲೈಬ್ರರಿಯಲ್ಲಿ ಯಾವುದು ಉಳಿಯಿತು?

ಕಳೆದ ವರ್ಷ ಒಂದೇ 50 ಪುಸ್ತಕಗಳನ್ನು ನಾನು ನಾಲ್ಕು ಸಲ ದಾಖಲು ಮಾಡಲು ಕೂತೆ. ಒಮ್ಮೆ ರಿಜಿಸ್ಟರಿನಲ್ಲಿ, ಒಮ್ಮೆ ಗೂಗಲ್ ಶೀಟಿನಲ್ಲಿ, ಒಮ್ಮೆ ಲೈಬ್ರರಿಥಿಂಗ್ ಎಂಬ ವೆಬ್ ತಾಣದಲ್ಲಿ, ಒಮ್ಮೆ ಕೋಹಾ ಎಂಬ ಲೈಬ್ರರಿ ಸಾಫ್ಟ್‌ವೇರಿನಲ್ಲಿ. ಮನೆಯಲ್ಲಿ ಹುಚ್ಚು ಅಂದರು. ಆದರೆ ಲೈಬ್ರರಿಯ 1,400 ಪುಸ್ತಕಗಳನ್ನೂ ತಪ್ಪು ದಾರಿಯಲ್ಲಿ ದಾಖಲು ಮಾಡಿ ಆಮೇಲೆ ತಲೆ ಚಚ್ಚಿಕೊಳ್ಳುವುದಕ್ಕಿಂತ ಇದೇ ವಾಸಿ ಅಲ್ವಾ?

ನಮ್ಮದು ಕೊಡಗಿನ ನಾಪೋಕ್ಲು ಕಡೆಯ ಹಳ್ಳಿಯಲ್ಲಿ ಒಂದು ಹೆಂಚಿನ ಕೋಣೆ. ಸಂಬಳದವರು ಯಾರೂ ಇಲ್ಲ. ಶನಿವಾರ, ಭಾನುವಾರ ಸಂಜೆ ಐದು ಜನ ಸರದಿ ಮೇಲೆ ಕೂರುತ್ತೇವೆ. ಅವರಲ್ಲಿ ಒಬ್ಬರು ಇದೇ ಊರಿನಲ್ಲಿ ಪಾಠ ಮಾಡಿ ನಿವೃತ್ತರಾದ ಮಾಷ್ಟ್ರು. ಇನ್ನೊಬ್ಬಳು ಪಿಯುಸಿ ಹುಡುಗಿ. ಇವರಿಬ್ಬರಿಗೂ ಒಗ್ಗಬೇಕು, ಜುಲೈ ಮಳೆಯಲ್ಲಿ ಕರೆಂಟ್ ಎರಡು ದಿನ ಹೋದರೂ ನಡೆಯಬೇಕು. ನನ್ನ ಅಳತೆಗೋಲು ಇಷ್ಟೇ.

ಮೊದಲು ರಿಜಿಸ್ಟರ್. ಮಾಷ್ಟ್ರ ಹತ್ತಿರ ಮೊದಲಿನಿಂದಲೂ ಒಂದು ಉದ್ದನೆಯ ಪುಸ್ತಕ ಇತ್ತು. ನಂಬರು, ಬಂದ ದಿನ, ಹೆಸರು, ಬರೆದವರು, ಬೆಲೆ, ಕೊನೆಯಲ್ಲಿ 'ಕೊಟ್ಟವರು'. 50 ಪುಸ್ತಕಕ್ಕೆ ಎರಡು ಗಂಟೆ ಹಿಡಿಯಿತು. ಕರೆಂಟ್ ಬೇಡ, ನೆಟ್‌ವರ್ಕ್ ಬೇಡ, ಪಾಸ್‌ವರ್ಡ್ ಮರೆಯುವ ತಾಪತ್ರಯ ಇಲ್ಲ. ಕಷ್ಟ ಹುಡುಕುವಾಗ. 'ಆ ಪುಸ್ತಕ ಇದ್ಯಾ?' ಅಂತ ಯಾರಾದರೂ ಕೇಳಿದರೆ ಪುಟಪುಟದ ಮೇಲೂ ಬೆರಳು ಓಡಿಸಬೇಕು. ಒಂದು ಮಳೆಗಾಲದಲ್ಲಿ ಹೆಂಚು ಸೋರಿ, ಜೆಲ್ ಪೆನ್ನಿನಲ್ಲಿ ಬರೆದ ಎರಡು ಪುಟ ನೀಲಿ ಮೋಡವಾಯಿತು. ಪಕ್ಕದಲ್ಲೇ ಪೆನ್ಸಿಲಿನಲ್ಲಿ ಬರೆದದ್ದು ಹಾಗೇ ಉಳಿದಿತ್ತು. ಅಂದಿನಿಂದ ಪುಸ್ತಕದ ಒಳಗಿನ ನಂಬರು ಪೆನ್ಸಿಲಿನಲ್ಲೇ.

ಲೈಬ್ರರಿಥಿಂಗ್ ಮೇಲೆ ನನಗೆ ಜಾಸ್ತಿ ಆಸೆ ಇತ್ತು. 2005ರಲ್ಲಿ ಶುರುವಾದ ತಾಣ. ಮೊದಲು 200 ಪುಸ್ತಕಕ್ಕೆ ಮಾತ್ರ ಪುಕ್ಕಟೆ ಇತ್ತು, 2020ರಿಂದ ಆ ಮಿತಿ ಇಲ್ಲ. ಫೋನಿನಲ್ಲಿ ಹಿಂಬದಿಯ ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಸಾಕು, ಹೆಸರು, ಲೇಖಕ, ಮುಖಪುಟದ ಚಿತ್ರ ಎಲ್ಲ ತಾನೇ ಬಂದು ಕೂರುತ್ತದೆ. ಒಂದು ಎಸ್ಟೇಟ್ ಬಂಗಲೆಯವರು ಖಾಲಿ ಮಾಡುವಾಗ ಕೊಟ್ಟ ಇಂಗ್ಲಿಷ್ ಥ್ರಿಲ್ಲರ್‌ಗಳು ನಮ್ಮಲ್ಲಿವೆ. ಅವು ಟಕಟಕ ಅಂತ ಸೇರಿದವು. ಆ ಕಪಾಟನ್ನು ನಮ್ಮೂರಲ್ಲಿ ಯಾರೂ ಮುಟ್ಟುವುದಿಲ್ಲ. ಎಲ್ಲರೂ ಕೇಳುವ ಕನ್ನಡ ಕಾದಂಬರಿಗಳಿಗೆ ಮಾತ್ರ 'ಸಿಗಲಿಲ್ಲ' ಎಂಬ ಉತ್ತರ. ಹಳೆಯವುಗಳಲ್ಲಿ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ನಂಬರು, ಇಲ್ಲವೇ ಇಲ್ಲ. ಅದಿದ್ದ ಹೊಸ ಪುಸ್ತಕಗಳೂ ಅರ್ಧಕ್ಕರ್ಧ ಸಿಗಲಿಲ್ಲ.

ಹೆಸರು ಹಾಕಿ ಹುಡುಕಿದಾಗ ಕೆಲವು ಹಳೇ ಕನ್ನಡ ಪುಸ್ತಕ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದಾಖಲೆಯಲ್ಲಿ ಸಿಕ್ಕವು. ಅವರ ದೆಹಲಿ ಕಚೇರಿ 1962ರಿಂದ ನಮ್ಮ ಭಾಷೆಗಳ ಪುಸ್ತಕ ಕೊಂಡು ಕಳಿಸುತ್ತಿತ್ತು. ಖುಷಿಯಾಯಿತು, ಆದರೆ ಬಂದದ್ದು ಇಂಗ್ಲಿಷ್ ಅಕ್ಷರದಲ್ಲಿ, ಕೆಳಗೆ ಚುಕ್ಕೆ, ಮೇಲೆ ಗೀಟು. ಪಿಯುಸಿ ಹುಡುಗಿ ಒಂದು ಹೆಸರನ್ನು ಮೂರು ಸಲ ಓದಿ, 'ಇದು ಯಾವ ಭಾಷೆ ಅಣ್ಣಾ?' ಅಂದಳು.

ಇನ್ನೊಂದು ತೊಡಕು ಕೊಡಗಿನದ್ದೇ. ಲೇಖಕರ ಹೆಸರು ಕೈಯಲ್ಲಿ ತುಂಬುವಾಗ ಲೈಬ್ರರಿಥಿಂಗ್ ಕೊನೆಯ ಹೆಸರು ಮೊದಲು, ಮೊದಲ ಹೆಸರು ಆಮೇಲೆ ಹಾಕು ಅನ್ನುತ್ತದೆ. ಅಲ್ಲಿ ಕೊನೆಯ ಹೆಸರೆಂದರೆ ಮನೆತನದ್ದು. ಕೊಡವರಲ್ಲಿ ಮನೆ ಹೆಸರು ಬರುವುದೇ ಮುಂದೆ. ನಡಿಕೇರಿಯಂಡ ಚಿಣ್ಣಪ್ಪ ಎಂದರೆ ನಡಿಕೇರಿಯಂಡ ಮನೆಯ ಚಿಣ್ಣಪ್ಪ. ಅದು ಹೇಳಿದ ಹಾಗೆ ತುಂಬಿದರೆ ಅವರು 'ಚ' ಸಾಲಿಗೆ ಹೋಗುತ್ತಾರೆ, ಹುಡುಕುವವರು 'ನ' ನೋಡಿ ವಾಪಸ್ ಹೋಗುತ್ತಾರೆ. ಅವರು 1924ರಲ್ಲಿ ತಂದ ಜಾನಪದ ಹಾಡುಗಳ ಸಂಗ್ರಹ 'ಪಟ್ಟೋಲೆ ಪಳಮೆ'ಯ ಭಾಷೆ ಕೊಡವ, ಲಿಪಿ ಕನ್ನಡ. ಅದಕ್ಕೆ ಭಾಷೆ ಬೇರೆ, ಲಿಪಿ ಬೇರೆ ಅಂತ ಎರಡು ಕಾಲಂ ಬೇಕು. ನಮ್ಮ ಕಡೆಯ ಇನ್ನೊಂದು ಆಡುನುಡಿ ಅರೆಭಾಷೆಯ ಪುಸ್ತಕಗಳಿಗೂ ಹಾಗೇ. ನಮ್ಮದೇ ಶೀಟಿನಲ್ಲಿ ಅದು ಒಂದು ನಿಮಿಷದ ಕೆಲಸ. ಓದುಗರು ಹುಡುಕಲು, ಎರವಲು ಬರೆದಿಡಲು ಇದೇ ತಾಣದವರ ಟೈನಿಕ್ಯಾಟ್ ಚೆನ್ನಾಗಿಯೇ ಇದೆ. ಆದರೆ ಸಂಘ ಸಂಸ್ಥೆಗಳು ಅದಕ್ಕೆ ದುಡ್ಡು ಕೊಡಬೇಕು. ನಮ್ಮ ಡಬ್ಬಿಯ ದುಡ್ಡು ಕಪಾಟಿಗೆ ಬೇಕಿತ್ತು.

ಕೋಹಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನ್ಯೂಜಿಲೆಂಡಿನ ಹೊರೊವೆನುವಾ ಎಂಬ ಕಡೆಯ ಲೈಬ್ರರಿಗಾಗಿ ಮಾಡಿದ್ದು. 2000ದಲ್ಲಿ ಕೆಲಸ ಶುರು ಮಾಡಿತು. ಮಾವೋರಿ ಭಾಷೆಯಲ್ಲಿ ಕೋಹಾ ಎಂದರೆ ಉಡುಗೊರೆ. ಉಚಿತ, ದೊಡ್ಡ ಕಾಲೇಜುಗಳಿಗೆ ಹೇಳಿ ಮಾಡಿಸಿದ್ದು, ಕನ್ನಡವೂ ಚೆನ್ನಾಗಿ ಮೂಡುತ್ತದೆ. ಆದರೆ ಲಿನಕ್ಸ್ ಹಾಕಿದ ಕಂಪ್ಯೂಟರ್ ಸದಾ ಓಡುತ್ತಿರಬೇಕು. ಪುಸ್ತಕದ ಹೆಸರಿಗೆ 245, ಲೇಖಕರಿಗೆ 100 ಎಂಬ ಖಾನೆಗಳನ್ನು ಕಲಿಯಬೇಕು. ಇಂಜಿನಿಯರಿಂಗ್ ಓದುವ ಅಳಿಯ ರಜೆಯಲ್ಲಿ ಬಂದು ಹಾಕಿಕೊಟ್ಟ, ರಜೆ ಮುಗಿಸಿ ಹೋದ. ಮುಂದಿನ ಗುಡುಗಿಗೆ ಯುಪಿಎಸ್ಸೂ ಹೋಯಿತು. ಇಪ್ಪತ್ತಮೂರನೇ ಪುಸ್ತಕಕ್ಕೆ ನಿಲ್ಲಿಸಿದೆ.

ಉಳಿದದ್ದು ಗೂಗಲ್ ಶೀಟ್. ಇದೂ ಸುಮ್ನೆ ಬಿಡಲಿಲ್ಲ. ಐಎಸ್‌ಬಿಎನ್ ಹಾಕಿದರೆ ಅದನ್ನು ಲೆಕ್ಕದ ಅಂಕಿ ಅಂದುಕೊಳ್ಳುತ್ತಿತ್ತು. ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಟ್ಟರೆ ಸರಿ. ಹಿಂದೆ ಯಾರೋ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿ ಇತ್ತು. ಅಂಟಿಸಿದರೆ ಇರುವೆ ಸಾಲು! ಯೂನಿಕೋಡ್‌ಗೆ ಬದಲಿಸಿದ ಮೇಲೆ ಓದಲು ಬಂತು. ಒಂದು ಭಾನುವಾರ ನಮ್ಮಲ್ಲೊಬ್ಬರು ಹೆಸರಿನ ಕಾಲಂ ಒಂದನ್ನೇ ಅಕಾರಾದಿಯಾಗಿ ಜೋಡಿಸಿಬಿಟ್ಟರು. ಲೇಖಕರ ಕಾಲಂ ಇದ್ದಲ್ಲೇ ಉಳಿಯಿತು. ಅಡುಗೆ ಪುಸ್ತಕವನ್ನೂ ಕುವೆಂಪು ಅವರೇ ಬರೆದ ಹಾಗಾಯಿತು. ಹಳೆಯ ಆವೃತ್ತಿಗೆ ಮರಳುವ ಸೌಲಭ್ಯ ಇದ್ದದ್ದಕ್ಕೆ ಬಚಾವು. ಈಗ ತಿದ್ದುವ ಅನುಮತಿ ಇಬ್ಬರಿಗೆ ಮಾತ್ರ.

ಶೀಟಿಗೆ ನಾನು ಸೇರಿಸಿದ ಒಳ್ಳೆಯ ಕಾಲಂ 'ಇನ್ನೊಂದು ಹೆಸರು'. ಕೊಡಗಿನ ಗೌರಮ್ಮ ಮಿಸೆಸ್ ಬಿ.ಟಿ.ಜಿ. ಕೃಷ್ಣ ಎಂಬ ಹೆಸರಿನಲ್ಲಿ ಬರೆದವರು. ಭಾರತೀಸುತ ಎಂದರೆ ಎಸ್.ಆರ್. ನಾರಾಯಣರಾವ್. ಓದುಗರು ಯಾವ ಹೆಸರು ಕೇಳಿದರೂ ಪುಸ್ತಕ ಸಿಗಬೇಕು. ವಿಷಯದ ಪ್ರಕಾರ ಪುಸ್ತಕ ವಿಂಗಡಿಸುವ ಡ್ಯೂಯಿ ನಂಬರನ್ನೂ ಒಂದು ವಾರ ಪ್ರಯತ್ನಿಸಿದೆವು. ಕನ್ನಡ ಸಾಹಿತ್ಯಕ್ಕೆ ಅದರಲ್ಲಿ 894.814. ನಮ್ಮ ಕಪಾಟಿನ ಬಹುಪಾಲು ಅದೇ ಆದ್ದರಿಂದ ಎಲ್ಲ ಬೆನ್ನಿನ ಮೇಲೂ ಅದೇ ಚೀಟಿ. ಬಿಟ್ಟು ಬಣ್ಣದ ಚೀಟಿ ಹಾಕಿದೆವು. ಆಗಸ್ಟಿನ ತೇವಕ್ಕೆ ಅರ್ಧ ಉದುರಿದವು, ಉಳಿದ ಅಂಟಿಗೆ ಪುಸ್ತಕದ ಹುಳು ಬಂತು. ಈಗ ಕಪಾಟಿನ ಹಲಗೆಗೇ ಪೇಂಟ್.

ಪ್ರಚಾರದಲ್ಲೂ ಹೀಗೇ ಒಂದೊಂದಾಗಿ ನೋಡಿದೆವು. ಫೇಸ್‌ಬುಕ್ ಪುಟಕ್ಕೆ ಮೆಚ್ಚುಗೆ ಬಂದದ್ದೆಲ್ಲ ಬೆಂಗಳೂರಿನಲ್ಲಿರುವ ಕೊಡಗಿನವರಿಂದ. ಎರವಲು ಪಡೆಯಲು ಅವರು ಬರುವುದಿಲ್ಲ, ನಿಜ. ಆದರೆ ಹುತ್ತರಿ ಹಬ್ಬಕ್ಕೆ ಊರಿಗೆ ಬಂದಾಗ ಎರಡು ಪೆಟ್ಟಿಗೆ ಪುಸ್ತಕ ಇಳಿಸಿ ಹೋದರು. ಬಸ್ ತಂಗುದಾಣಕ್ಕೆ ಅಂಟಿಸಿದ ಕಾಗದದ ಪೋಸ್ಟರ್ ಜೂನ್ ಮಳೆಗೆ ಎರಡೇ ದಿನ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ರಂಗನಾಥನ್ ಅವರ ಹುಟ್ಟುಹಬ್ಬ, ಗ್ರಂಥಪಾಲಕರ ದಿನ ಅಂತ ಆಗಸ್ಟ್ 12ಕ್ಕೆ ಕಾರ್ಯಕ್ರಮ ಇಟ್ಟೆವು. ಆ ದಿನಾಂಕ ಇಟ್ಟವರು ಕೊಡಗಿನ ಮಳೆ ನೋಡಿಲ್ಲ. ಬಂದವರು ನಾಲ್ವರು, ಅದರಲ್ಲಿ ಮೂವರು ನಾವೇ. ಮಡಿಕೇರಿಯ 'ಶಕ್ತಿ' ಪತ್ರಿಕೆಯಲ್ಲಿ ಬಂದ ಮೂರು ಸಾಲಿನ ಸುದ್ದಿ ನೋಡಿ ವಯಸ್ಸಾದ ಕೆಲವರು ಹುಡುಕಿಕೊಂಡು ಬಂದರು. ವಾಟ್ಸಾಪ್ ಗುಂಪು ಒಂದು ತಿಂಗಳಲ್ಲಿ ಶುಭೋದಯದ ಹೂಗಳಲ್ಲಿ ಮುಳುಗಿತು. ಆಮೇಲೆ ಅಡ್ಮಿನ್‌ಗಳು ಮಾತ್ರ ಬರೆಯುವ ಹಾಗೆ ಮಾಡಿದೆ.

ಇವೆಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಪ್ರಚಾರ ಅಂತ ಮಾಡಿದ್ದೇ ಅಲ್ಲ. ಶೀಟಿನ ಪಟ್ಟಿಯನ್ನು ಪ್ರಿಂಟ್ ತೆಗೆದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಸೊಸೈಟಿಯಲ್ಲಿ ದಾರ ಕಟ್ಟಿ ನೇತುಹಾಕಿದೆವು. ರೇಷನ್ನಿಗೆ, ಗೊಬ್ಬರಕ್ಕೆ ಸಾಲು ನಿಂತವರಿಗೆ ಬೇರೇನು ಕೆಲಸ? ತಿರುವಿ ನೋಡುತ್ತಾರೆ. ಮಾಷ್ಟ್ರ ರಿಜಿಸ್ಟರಿನ 'ಕೊಟ್ಟವರು' ಕಾಲಂ ಅನ್ನೂ ಅದರಲ್ಲಿ ಹಾಕಿದ್ದೆ. ತಮ್ಮ ಮನೆ ಹೆಸರು ಪಟ್ಟಿಯಲ್ಲಿದೆಯಾ ಅಂತ ನೋಡಲು ಬಂದವರು ಪಕ್ಕದ ಸಾಲನ್ನೂ ಓದಿದರು. ಇಲ್ಲದವರು ಮುಂದಿನ ವಾರ ಪುಸ್ತಕ ಹಿಡಿದು ಬಂದರು. ವಾಟ್ಸಾಪಿನಲ್ಲೂ ಈಗ ಶನಿವಾರ ಇಷ್ಟೇ ಹಾಕುತ್ತೇನೆ: ಈ ವಾರ ವಾಪಸ್ ಬಂದ ಐದು ಪುಸ್ತಕಗಳ ಫೋಟೋ, ಕೊಟ್ಟವರ ಹೆಸರು. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಆಗ ಯಾರೂ ಬರುವುದಿಲ್ಲ, ಫೋಟೋನೂ ಹಾಕುವುದಿಲ್ಲ. ಹೊಸ ಪಟ್ಟಿ ನೇತಾಡುವುದು ಮೇ ಕೊನೆಗೆ, ಮಳೆ ಹಿಡಿಯುವ ಮೊದಲು.

ಹಾಗಾಗಿ ನಮ್ಮಲ್ಲಿ ಉಳಿದದ್ದು ಎರಡು. ಪುಸ್ತಕ ಬಂದಾಗ ಮೊದಲು ರಿಜಿಸ್ಟರಿಗೆ, ಕರೆಂಟ್ ಇದ್ದ ದಿನ ಶೀಟಿಗೆ. ಐದಾರು ಸಾವಿರ ಪುಸ್ತಕ, ಒಬ್ಬರು ಖಾಯಂ ಕೂರುವವರು ಇದ್ದರೆ ಕೋಹಾವನ್ನು ನಾನು ಇನ್ನೊಮ್ಮೆ ನೋಡುತ್ತೇನೆ. ಇಂಗ್ಲಿಷ್ ಪುಸ್ತಕವೇ ಜಾಸ್ತಿ ಇರುವ ಲೈಬ್ರರಿಗೆ ಲೈಬ್ರರಿಥಿಂಗ್ ಕಣ್ಣು ಮುಚ್ಚಿ ಹೇಳುತ್ತೇನೆ.

ಕಳೆದ ಜುಲೈಯಲ್ಲಿ ಸೊಸೈಟಿಯ ಪಟ್ಟಿಯ ಒಂದು ಹಾಳೆ ಬದಲಿಸಲು ಹೋದಾಗ ಒಂದು ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಯಾರೋ ಬರೆದಿದ್ದರು: 'ಇದು ನನ್ನ ಹತ್ರ ಇದೆ. ಮಳೆ ಬಿಟ್ಟ ಮೇಲೆ ತರ್ತೇನೆ.' ಕಳೆದುಹೋಗಿದೆ ಅಂತ ನಾವು ಗುರುತು ಹಾಕಿದ್ದ ಪುಸ್ತಕ ಅದು. ಹೆಸರು ಬರೆದಿರಲಿಲ್ಲ. ಆ ಹಾಳೆಯನ್ನು ಮಾಷ್ಟ್ರಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, 'ಇವನ ಒತ್ತಕ್ಷರ ಏಳನೇ ಕ್ಲಾಸಿನಲ್ಲೂ ಹೀಗೇ ಇತ್ತು' ಅಂದರು. ಯಾರು ಅಂತ ಮಾತ್ರ ಹೇಳಲಿಲ್ಲ.