ಮದರ್‌ಬೋರ್ಡ್ ಕೈಗೆ ಬಂದ ಕೂಡಲೇ ಪಿನ್ ನೋಡಿ, ಫೋಟೋ ತೆಗೆದಿಡಿ

ಕಂಪ್ಯೂಟರಿನ ಮದರ್‌ಬೋರ್ಡನ್ನು ವಾರಂಟಿಗೆ ಕಳಿಸುವವರು, ವಾರಂಟಿಯಿಂದ ವಾಪಸ್ ಪಡೆಯುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಷ್ಟು ಪುರುಸೊತ್ತಿಲ್ಲದಿದ್ದರೆ ಇಷ್ಟಾದರೂ ಮಾಡಿ: ಬೋರ್ಡ್ ಕೈ ಸೇರಿದಾಗ, ಪ್ರೊಸೆಸರ್ ಕೂರಿಸುವ ಮುಂಚೆ, ಅದು ಕೂರುವ ಜಾಗದ, ಅಂದರೆ ಸಾಕೆಟ್‌ನ ಪಿನ್‌ಗಳ ಫೋಟೋ ತೆಗೆಯಿರಿ. ಸರ್ವೀಸ್ ಸೆಂಟರಿಗೆ ಕೊಡುವಾಗ, ಕೌಂಟರಿನಲ್ಲಿ ಕುಳಿತವರ ಎದುರೇ, ಇನ್ನೊಮ್ಮೆ ತೆಗೆಯಿರಿ. ನಾನು ಎರಡನ್ನೂ ಮಾಡಲಿಲ್ಲ. ಮೂರು ವರ್ಷ ವಾರಂಟಿ ಇದ್ದ 15,600 ರೂಪಾಯಿಯ ಬೋರ್ಡ್ ಹತ್ತು ತಿಂಗಳೊಳಗೆ ಯಾವ ಕೆಲಸಕ್ಕೂ ಬಾರದೆ ಹೋಯಿತು.

ನನ್ನದು ಉಡುಪಿಯಲ್ಲಿ ಡಿಟಿಪಿ ಅಂಗಡಿ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ನೇಮದ ಹ್ಯಾಂಡ್‌ಬಿಲ್, ಯಕ್ಷಗಾನದ ಕರಪತ್ರ. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟರೆ ಮೇ ಕೊನೆಯ ಪತ್ತನಾಜೆಯ ತನಕ ನಮಗೆ ಬಿಡುವಿಲ್ಲ. ಆ ಕಾಲಕ್ಕೆಂದೇ 2023ರ ನವೆಂಬರಿನಲ್ಲಿ ಮಂಗಳೂರಿನ ಅಂಗಡಿಯೊಂದರಿಂದ ಭಾಗಗಳನ್ನು ತಂದು ಹೊಸ ಕಂಪ್ಯೂಟರ್ ಜೋಡಿಸಿದೆವು. ಬೋರ್ಡ್ ಎಲ್ಲರಿಗೂ ಗೊತ್ತಿರುವ ಕಂಪನಿಯದು. ಹೆಸರು ಹಾಕುತ್ತಿಲ್ಲ, ದೂರು ಇನ್ನೂ ಗ್ರಾಹಕ ಆಯೋಗದ ಮುಂದಿದೆ. ಬೇರೆ ಕಂಪನಿಗಳ ಬೋರ್ಡಿಗೂ ಹೀಗೇ ಆಗಿದೆ ಎಂದು ಕಂಪ್ಯೂಟರ್ ರಿಪೇರಿಯವರಿಂದ ಕೇಳಿದ್ದೇನೆ, ಹಾಗಾಗಿ ಒಂದು ಹೆಸರು ತಿಳಿದುಕೊಂಡರೆ ನೀವು ಪಾರಾಗುವುದಿಲ್ಲ.

2024ರ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಅಂಗಡಿ ತೆರೆದು ಸ್ವಿಚ್ ಒತ್ತಿದರೆ ಫ್ಯಾನ್ ತಿರುಗಿತು, ಪರದೆಯಲ್ಲಿ ಏನೂ ಬರಲಿಲ್ಲ. ಬೋರ್ಡಿನ ಮೂಲೆಯಲ್ಲಿ ನಾಲ್ಕು ಸಣ್ಣ ದೀಪಗಳಿರುತ್ತವಲ್ಲ, ಅದರಲ್ಲಿ ರ್‍ಯಾಮ್‌ನದ್ದು ಹಳದಿಯಾಗಿ ಉರಿದು ಅಲ್ಲೇ ನಿಂತಿತು. ನಮ್ಮ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಬಂದು ರ್‍ಯಾಮ್ ಬದಲಿಸಿದ, ಪವರ್ ಸಪ್ಲೈ ಬದಲಿಸಿದ, ಪ್ರೊಸೆಸರನ್ನು ಬೇರೆ ಬೋರ್ಡಿಗೆ ಹಾಕಿ ನೋಡಿದ. ಅಲ್ಲಿ ಅದು ಚೆನ್ನಾಗಿಯೇ ಓಡಿತು. "ಅಕ್ಕ, ಬೇರೆ ಎಂತದ್ದೂ ಅಲ್ಲ, ಬೋರ್ಡೇ ಹೋಗಿದೆ" ಎಂದ.

ಕಂಪನಿಗೆ ಫೋನ್ ಮಾಡಿದರೆ ಅವರು ಮೊದಲು ಹೇಳಿದ್ದು ನಿಮ್ಮ ಊರಿನ ಕರೆಂಟ್ ಸರಿಯಿಲ್ಲ ಎಂದು. ಒಪ್ಪುತ್ತೇನೆ, ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಟಿವಿ, ಮೋಡೆಮ್ ಸುಟ್ಟುಹೋಗುವುದು ಇದ್ದದ್ದೇ. ಬೇಸಿಗೆಯಲ್ಲಿ ಮುರಕಲ್ಲಿನ ನೆಲ ಒಣಗಿದರೆ ಅರ್ಥಿಂಗೂ ಕೈಕೊಡುತ್ತದೆ. ಆದರೆ ನನ್ನ ಅಂಗಡಿಯಲ್ಲಿ ಯುಪಿಎಸ್ ಇದೆ. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಅಳೆಸಿದೆ, ಎರಡು ವೋಲ್ಟ್ ಕೂಡ ಇರಲಿಲ್ಲ. ಅದನ್ನೂ ಬರೆದು ಕಳಿಸಿದ ಮೇಲೆ ಬೋರ್ಡ್ ತಂದುಕೊಡಿ ಎಂದರು.

ಉಡುಪಿಯಲ್ಲಿ ತೆಗೆದುಕೊಳ್ಳುವವರಿಲ್ಲ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ ಕೊಟ್ಟು ಬಂದೆ. ಅಲ್ಲಿಂದ ಅದು ಬೆಂಗಳೂರಿಗೆ ಹೋಗುತ್ತದಂತೆ. ವಾಪಸ್ ಬರಲು 38 ದಿನ ಹಿಡಿಯಿತು. ಆ 38 ದಿನ ಹಳೆಯ ಕಂಪ್ಯೂಟರಿನಲ್ಲಿ, ಒಂದು ಪುಟ ತೆರೆಯಲು ಎರಡು ನಿಮಿಷ ಕಾಯುತ್ತಾ, ರಾತ್ರಿ ಹನ್ನೊಂದರವರೆಗೆ ಕುಳಿತು ಕೆಲಸ ಮುಗಿಸಿದ್ದೇನೆ. ಒಂದು ದೇವಸ್ಥಾನದವರ ಆಮಂತ್ರಣದ ಕೆಲಸ ಕೈತಪ್ಪಿತು. ಹತ್ತು ವರ್ಷದಿಂದ ಅವರದ್ದೆಲ್ಲ ನಾನೇ ಮಾಡುತ್ತಿದ್ದೆ.

ವಾಪಸ್ ಬಂದದ್ದು ನನ್ನ ಬೋರ್ಡ್ ಅಲ್ಲ. ಅದೇ ಮಾಡೆಲ್, ಸೀರಿಯಲ್ ನಂಬರ್ ಬೇರೆ. ಸ್ಕ್ರೂ ತೂತುಗಳ ಸುತ್ತ ಗೀರುಗಳಿದ್ದವು, ಅಂದರೆ ಯಾರೋ ಬಳಸಿದ್ದನ್ನು ರಿಪೇರಿ ಮಾಡಿ ಕೊಟ್ಟದ್ದು. ವಾರಂಟಿಯಲ್ಲಿ ಹೀಗೆ ಕೊಡುವುದು ಮಾಮೂಲು. ವಾರಂಟಿ ಹೊಸದಾಗಿ ಶುರುವಾಗುವುದೂ ಇಲ್ಲ, ಹಳೆಯದರಲ್ಲಿ ಉಳಿದಷ್ಟೇ. ಅದೆಲ್ಲ ಇರಲಿ, ಕೆಲಸ ಆದರೆ ಸಾಕು ಎಂದುಕೊಂಡೆ.

ಅಂದು ಸಂಜೆ ಆರೂವರೆಗೆ ಹುಡುಗ ಬಂದ. ಮರುದಿನ ಬೆಳಿಗ್ಗೆ ಎರಡು ಕೆಲಸ ಕೊಡಬೇಕಿತ್ತು. ನಾನೇ ಅವಸರ ಮಾಡಿದೆ. ಅವನು ಪ್ರೊಸೆಸರ್ ಕೂರಿಸಿದ, ಸಾಕೆಟ್ ಮೇಲಿದ್ದ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಟಪ್ಪೆಂದು ಮೇಲೆದ್ದು ಬಂತು, ಅದು ಕಸದ ಬುಟ್ಟಿಗೆ ಹೋಯಿತು. ಸಾಕೆಟ್ ಒಳಗೆ ನಾವಿಬ್ಬರೂ ಬಗ್ಗಿ ನೋಡಲಿಲ್ಲ. ಕಂಪ್ಯೂಟರ್ ಶುರುವಾಯಿತು. ಆದರೆ 32 ಜಿಬಿ ರ್‍ಯಾಮ್‌ನಲ್ಲಿ 16 ಮಾತ್ರ ತೋರಿಸಿತು. ಎರಡನೇ ರ್‍ಯಾಮನ್ನು ಒಂದು ಕಡೆಯ ಸ್ಲಾಟ್‌ಗಳಿಗೆ ಹಾಕಿದರೆ ಕಾಣಿಸುವುದೇ ಇಲ್ಲ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ನನಗೆ ಇದು ತಿಳಿದದ್ದು ತಡವಾಗಿ. ಈಗಿನ ಇಂಟೆಲ್ ಬೋರ್ಡ್‌ಗಳಲ್ಲಿ ಪಿನ್‌ಗಳಿರುವುದು ಪ್ರೊಸೆಸರಿನಲ್ಲಲ್ಲ, ಬೋರ್ಡಿನ ಸಾಕೆಟ್‌ನಲ್ಲಿ. ನನ್ನದರ ಹೆಸರೇ ಎಲ್‌ಜಿಎ 1700, ಅಂದರೆ 1700 ಪಿನ್. ಕೂದಲಿನಷ್ಟು ತೆಳು, ಎಲ್ಲವೂ ಒಂದೇ ಕಡೆಗೆ ವಾಲಿಕೊಂಡು, ಗಾಳಿಗೆ ಬಾಗಿದ ಭತ್ತದ ಗದ್ದೆಯ ಹಾಗೆ ಕಾಣುತ್ತವೆ. ಪ್ರೊಸೆಸರ್ ಮಾಡುವ ಇನ್ನೊಂದು ಕಂಪನಿ ಎಎಮ್‌ಡಿಯವರೂ 2022ರಲ್ಲಿ ಎಎಮ್5 ಸಾಕೆಟ್ ತಂದಾಗ ಇದೇ ದಾರಿ ಹಿಡಿದರು. ರ್‍ಯಾಮನ್ನು ನಿಯಂತ್ರಿಸುವ ಭಾಗ ಪ್ರೊಸೆಸರ್ ಒಳಗೇ ಇರುವುದರಿಂದ ರ್‍ಯಾಮ್ ಸ್ಲಾಟಿನಿಂದ ಹೊರಟ ಗೆರೆಗಳೆಲ್ಲ ಈ ಪಿನ್‌ಗಳ ಮೂಲಕವೇ ಒಳಗೆ ಹೋಗಬೇಕು. ಹಾಗಾಗಿ ಒಂದೇ ಒಂದು ಪಿನ್ ಬಾಗಿದರೂ ಕಂಪ್ಯೂಟರ್ ಓಡಬಹುದು, ಒಂದು ಕಡೆಯ ರ್‍ಯಾಮ್ ಮಾತ್ರ ಸತ್ತಿರಬಹುದು. ನನಗಾದದ್ದು ಅಚ್ಚುಕಟ್ಟಾಗಿ ಅದೇ.

ಕೂಡಲೇ ವಾಪಸ್ ಕಳಿಸಬೇಕಿತ್ತು. ಕಳಿಸಲಿಲ್ಲ. ಇನ್ನೊಂದು 38 ದಿನ ಕಳೆದುಕೊಳ್ಳುವ ಧೈರ್ಯ ಇರಲಿಲ್ಲ. 16 ಜಿಬಿಯಲ್ಲೇ ಹೇಗೋ ಸೀಸನ್ ಮುಗಿಸಿ, ಆಟಿ ತಿಂಗಳಲ್ಲಿ ಸಮಾರಂಭಗಳಿರುವುದಿಲ್ಲ, ಆಗ ಕಳಿಸುವ ಎಂದು ತಡೆದೆ. ನೀವು ಹೀಗೆ ಮಾಡಬೇಡಿ. ಬಂದ ದಿನವೇ ಒಂದು ಇ-ಮೇಲ್ ಬರೆದು, ಬಂದದ್ದೇ ಹೀಗೆ ಎಂದು ದಾಖಲಿಸಿ. ಬೋರ್ಡನ್ನು ಆಮೇಲೆ ಕಳಿಸಿದರೂ ಆ ಇ-ಮೇಲ್ ನಿಮ್ಮ ಪರವಾಗಿ ಮಾತಾಡುತ್ತದೆ.

ಜುಲೈ ಕೊನೆಯಲ್ಲಿ, ಧೋ ಎಂದು ಮಳೆ ಸುರಿಯುವ ದಿನ, ಬೋರ್ಡನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮತ್ತೆ ಮಂಗಳೂರಿಗೆ ಹೋದೆ. ಕೌಂಟರಿನ ಹುಡುಗ "ಮುಚ್ಚಳ ಇಲ್ವಾ ಮೇಡಂ?" ಎಂದು ಕೇಳಿದ. ಇಲ್ಲ ಎಂದೆ. ತೆಗೆದುಕೊಂಡ, ಚೀಟಿ ಕೊಟ್ಟ. ಚೀಟಿಯಲ್ಲಿ ಸೀರಿಯಲ್ ನಂಬರ್ ಇತ್ತು, ದೂರು ಏನೆಂದು ಇತ್ತು, ಪಿನ್‌ಗಳ ಸ್ಥಿತಿ ಹೇಗಿದೆ ಎಂದು ಒಂದಕ್ಷರ ಇರಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ, ಪರಿಶೀಲನೆಗೆ ಒಳಪಟ್ಟು ಸ್ವೀಕರಿಸಲಾಗಿದೆ ಎಂಬ ಅರ್ಥದ ಇಂಗ್ಲಿಷ್ ವಾಕ್ಯ. ಆ ಒಂದು ವಾಕ್ಯದ ಮೇಲೆ ನನ್ನ ವಾರಂಟಿ ಮುಳುಗಿತು.

ಮೂರು ವಾರದ ನಂತರ ಬಂದ ಉತ್ತರದಲ್ಲಿ ಎರಡು ಕಾರಣ. ಒಂದು, ಸಾಕೆಟ್‌ನಲ್ಲಿ ಪಿನ್ ಬಾಗಿದೆ, ಇದು ಗ್ರಾಹಕರಿಂದ ಆದ ಹಾನಿ. ಎರಡು, ಬೋರ್ಡಿನಲ್ಲಿ ತುಕ್ಕು. ಹಾಗಾಗಿ ವಾರಂಟಿ ಇಲ್ಲ, ಹದಿನೈದು ದಿನದೊಳಗೆ ಬಂದು ತೆಗೆದುಕೊಂಡು ಹೋಗಿ. ಜೊತೆಗೆ ಒಂದು ಫೋಟೋ. ಅದರಲ್ಲಿ ಪಿನ್ ಬಾಗಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು, ಕೆಂಪು ವೃತ್ತ ಹಾಕಿದ್ದರು.

ಆ ಪಿನ್ ಯಾವಾಗ ಬಾಗಿತು? ಅವರು ಕೊಟ್ಟಾಗಲೇ ಬಾಗಿತ್ತು ಎಂದು ನಾನು ನಂಬಿದ್ದೇನೆ, ಏಕೆಂದರೆ ಮೊದಲ ಸಂಜೆಯೇ ಅರ್ಧ ರ್‍ಯಾಮ್ ಕಾಣಲಿಲ್ಲ. ನಮ್ಮ ಹುಡುಗನ ಕೈಯಲ್ಲಿ ಬಾಗಿರಬಹುದು ಎಂದು ಯಾರಾದರೂ ಹೇಳಿದರೆ ನನ್ನ ಬಳಿ ತೋರಿಸಲು ಏನಿದೆ? ಮುಚ್ಚಳವಿಲ್ಲದೆ ಮಂಗಳೂರಿನಿಂದ ಬೆಂಗಳೂರಿಗೆ ಘಾಟಿ ಹತ್ತುವಾಗ ಬಾಗಿತು ಎಂದರೆ? ಅದಕ್ಕೂ ಉತ್ತರವಿಲ್ಲ. ಹುಡುಗ ಎರಡು ದಿನ ಅಂಗಡಿಗೆ ಬರಲಿಲ್ಲ. ಮೂರನೇ ದಿನ ಬಂದು "ಅಕ್ಕ, ನನ್ನಿಂದ ಆದದ್ದಾದರೆ ಅರ್ಧ ದುಡ್ಡು ನಾನು ಕೊಡ್ತೇನೆ" ಎಂದಾಗ ನನಗೆ ಕಂಪನಿಯ ಮೇಲೆ ಬಂದಷ್ಟು ಸಿಟ್ಟು ಆ ಕಾಗದ ಓದಿದಾಗಲೂ ಬಂದಿರಲಿಲ್ಲ. ಹದಿನೈದು ವರ್ಷದಿಂದ ಈ ಕೆಲಸ ಮಾಡುವ ಹುಡುಗ ತನ್ನ ಕೈಯನ್ನೇ ಅನುಮಾನಿಸುವಂತೆ ಮಾಡಿದರು.

ತುಕ್ಕಿನ ವಿಷಯ ಕೇಳಿ. ಬೋರ್ಡ್ ವಾಪಸ್ ತಂದು ನೋಡಿದೆ. ಅದು ತುಕ್ಕಲ್ಲ, ಒಂದು ಸ್ಕ್ರೂ ತೂತಿನ ಅಂಚಿನಲ್ಲಿ ಸಾಸಿವೆಯಷ್ಟು ಹಸಿರು ಕಿಲುಬು. ಮಲ್ಪೆ ಗಾಳಿ ಬೀಸುವ ಊರಿನಲ್ಲಿ ಗೇಟು, ಬೀಗ, ಹೊಲಿಗೆ ಮೆಷಿನ್ ಯಾವುದೂ ಇದರಿಂದ ತಪ್ಪಿಸಿಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಈ ಕರಾವಳಿಯಲ್ಲಿ ಬೋರ್ಡ್ ಮಾರುವಾಗ ಇಲ್ಲಿನ ಹವೆ ಹೇಗೆಂದು ಕಂಪನಿಗೆ ಗೊತ್ತಿಲ್ಲವೇ? ವಾರಂಟಿ ಕೊಡುವಾಗ ಮಾತ್ರ ಉಪ್ಪುಗಾಳಿ ನೆನಪಾಗುತ್ತದೆಯೇ? ನೀವೂ ಸಮುದ್ರದ ಹತ್ತಿರ ಇರುವವರಾದರೆ ಕಂಪ್ಯೂಟರನ್ನು ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಡಬೇಡಿ. ದಿನಾ ಸ್ವಲ್ಪ ಹೊತ್ತು ಓಡಿದರೆ ಅದರ ಬಿಸಿಗೇ ಒಳಗಿನ ತೇವ ಆರುತ್ತದೆ. ಗೋಡೆಗೆ ಒತ್ತಿಯೂ ಇಡಬೇಡಿ.

2000ರ ದಶಕದಲ್ಲಿ ಬೋರ್ಡ್‌ಗಳ ಕೆಪ್ಯಾಸಿಟರ್ ಉಬ್ಬಿ ಒಡೆಯುವ ದೊಡ್ಡ ಪಿಡುಗು ಇತ್ತು, ಒಳಗಿನ ದ್ರಾವಣ ಕಳಪೆಯಾಗಿದ್ದೇ ಕಾರಣ. ಆಗ ನಮ್ಮೂರಿನ ರೇಡಿಯೋ ರಿಪೇರಿಯವರೇ ಅದನ್ನು ಕಿತ್ತು ಹೊಸದನ್ನು ಬೆಸುಗೆ ಹಾಕಿ ಸಂಜೆಯೊಳಗೆ ಕೊಡುತ್ತಿದ್ದರು. ಈಗಿನ ಬೋರ್ಡ್‌ಗಳಿಗೆ ಊರಿನಲ್ಲಿ ಕೈ ಹಾಕುವವರು ಬೆರಳೆಣಿಕೆಯಷ್ಟು. ಕಂಪನಿ ಕೈಬಿಟ್ಟರೆ ಮುಗಿಯಿತು.

ಡಿಸ್ಕಿನ ವಿಷಯದಲ್ಲೂ ಎಚ್ಚರ. ಮೊದಲ ಸಲ ಬೋರ್ಡ್ ಬದಲಾದಾಗ ವಿಂಡೋಸ್ 11 ನೀಲಿ ಪರದೆ ತೋರಿಸಿ 48 ಅಂಕಿಯ ಬಿಟ್‌ಲಾಕರ್ ಕೀಲಿ ಕೇಳಿತು. ಡಿಸ್ಕಿಗೆ ಬೀಗ ಹಾಕಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಬೋರ್ಡ್ ಬದಲಾದರೆ ಅದು ಕಳ್ಳತನ ಇರಬಹುದೆಂದು ವಿಂಡೋಸ್ ಹೀಗೆ ಕೇಳುತ್ತದೆ. ಆರು ವರ್ಷದ ಕರಪತ್ರ, ಆಮಂತ್ರಣ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತಗಳೆಲ್ಲ ಆ ಡಿಸ್ಕಿನಲ್ಲಿದ್ದವು. ಕಂಪ್ಯೂಟರ್ ಶುರು ಮಾಡಿಕೊಟ್ಟಿದ್ದ ಅಕ್ಕನ ಮಗನ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀಲಿ ಸಿಕ್ಕಿತು, ಅದೂ ಅವನು ಫೋನ್ ಎತ್ತಿದ್ದರಿಂದ. ನಿಮ್ಮ ಕೀಲಿ ಯಾರ ಖಾತೆಯಲ್ಲಿದೆ ಎಂದು ಇವತ್ತೇ ನೋಡಿ, ಕಾಗದದಲ್ಲಿ ಬರೆದಿಡಿ.

ಕಂಪನಿಯ ಉತ್ತರದ ನಂತರ 17 ಇ-ಮೇಲ್ ಬರೆದೆ. ಪ್ರತಿ ಸಲ ಬೇರೆ ಹೆಸರಿನವರು ಉತ್ತರಿಸಿ, ಸೀರಿಯಲ್ ನಂಬರ್ ಕಳಿಸಿ ಎಂದು ಮೊದಲಿನಿಂದ ಶುರು ಮಾಡುತ್ತಿದ್ದರು. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದೆ. ಅವರು ದೂರು ದಾಖಲಿಸಿಕೊಂಡು ಕಂಪನಿಗೆ ಕಳಿಸಿದರು, ಕಂಪನಿ ಅದೇ ಫೋಟೋ, ಅದೇ ಎರಡು ಸಾಲು ಕೊಟ್ಟಿತು. ಆದರೂ 1915ಕ್ಕೆ ಕರೆ ಮಾಡಿ, ಏಕೆಂದರೆ ಅಲ್ಲಿಯವರೆಗೆ ಕಂಪನಿ ಬಾಯಲ್ಲಿ ಹೇಳಿದ್ದೆಲ್ಲ ಆಗ ಬರಹಕ್ಕೆ ಬರುತ್ತದೆ.

ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. ಇದಕ್ಕೆ ಬೆಂಗಳೂರಿಗೆ ಹೋಗಬೇಕೆಂದು ಬಹಳ ಜನ ಹೆದರಿ ಬಿಟ್ಟುಬಿಡುತ್ತಾರೆ. ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಸ್ತುವಿನ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ನನ್ನಂಥ ಅಂಗಡಿಯವರಿಗೆ ಇನ್ನೊಂದು ಮಾತು: ಇದು ವ್ಯಾಪಾರಕ್ಕೆ ಕೊಂಡದ್ದು, ನೀವು ಗ್ರಾಹಕರೇ ಅಲ್ಲ ಎಂದು ಎದುರು ಪಕ್ಷ ವಾದಿಸಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ವಸ್ತುವಾದರೆ ಕಾಯ್ದೆ ನಿಮ್ಮನ್ನು ಗ್ರಾಹಕರೆಂದೇ ಒಪ್ಪುತ್ತದೆ. ಅದನ್ನು ದೂರಿನ ಮೊದಲ ಪುಟದಲ್ಲೇ ಬರೆಯಿರಿ. ಕಂಪನಿಯ ಜೊತೆ ಮಾರಿದ ಅಂಗಡಿಯನ್ನೂ ಸೇರಿಸಿ. ನನಗೆ ಆ ಅಂಗಡಿಯವರ ಮೇಲೆ ಬೇಸರವಿಲ್ಲ, ಆದರೆ ಬಿಲ್ ಕೊಟ್ಟವರು ಅವರು.

ಈಗ ಬೇರೆ ಬೋರ್ಡ್ ತಂದಿದ್ದೇನೆ. ಬಾಕ್ಸ್ ಬಿಚ್ಚುವಾಗಿನಿಂದ ವಿಡಿಯೋ ಮಾಡಿದೆವು. ಹುಡುಗ ಟಾರ್ಚನ್ನು ಓರೆಯಾಗಿ ಹಿಡಿದ. ನೇರ ಬೆಳಕಿನಲ್ಲಿ ಬಾಗಿದ ಪಿನ್ ಗೊತ್ತಾಗುವುದಿಲ್ಲ, ಓರೆ ಬೆಳಕಿನಲ್ಲಿ ಹೊಳಪಿನ ಸಾಲು ಎಲ್ಲಿ ಮುರಿಯುತ್ತದೋ ಅಲ್ಲಿ ತೊಂದರೆ ಇದೆ ಎಂದರ್ಥ. ನಾಲ್ಕು ಕಡೆಯಿಂದ ನಾಲ್ಕು ಫೋಟೋ, ಸೀರಿಯಲ್ ನಂಬರಿನ ಚೀಟಿ ಅದೇ ಚೌಕಟ್ಟಿನೊಳಗೆ ಕಾಣುವ ಹಾಗೆ ಇನ್ನೊಂದು. ಕಪ್ಪು ಮುಚ್ಚಳವನ್ನು ಬಿಲ್ಲಿನ ಜೊತೆ ಕವರಿಗೆ ಹಾಕಿ ಡ್ರಾಯರಿನಲ್ಲಿಟ್ಟಿದ್ದೇನೆ. ಸರ್ವೀಸಿಗೆ ಕೊಡಬೇಕಾಗಿ ಬಂದರೆ ಮುಚ್ಚಳ ಹಾಕಿ ಕೊಡಿ, ಚೀಟಿಯಲ್ಲಿ ಪಿನ್ ಸರಿಯಿದೆ ಎಂದು ಬರೆಸಿಕೊಳ್ಳಿ. ಬರೆಯುವುದಿಲ್ಲ ಎಂದರೆ ಅವರ ಕೌಂಟರಿನ ಮೇಲೇ ಫೋಟೋ ತೆಗೆದು, ಅಲ್ಲಿ ನಿಂತುಕೊಂಡೇ ಕಂಪನಿಗೆ ಇ-ಮೇಲ್ ಮಾಡಿ.

ಹಳೆಯ ಬೋರ್ಡನ್ನು ಎಸೆದಿಲ್ಲ, ಆಯೋಗದವರು ಕೇಳಿದರೆ ತೋರಿಸಬೇಕು. ಮುಂದಿನ ದಿನಾಂಕಕ್ಕೆ ಕಾಯುತ್ತಿದ್ದೇನೆ. ಉಡುಪಿ, ಮಂಗಳೂರು ಕಡೆಯ ಯಾರಿಗಾದರೂ ಪಿನ್ ಬಾಗಿದೆ, ತುಕ್ಕು ಹಿಡಿದಿದೆ ಎಂಬ ಇದೇ ಎರಡು ಸಾಲಿನ ಉತ್ತರ ಬಂದಿದ್ದರೆ ಆ ಕಾಗದವನ್ನು ಹರಿದುಹಾಕಬೇಡಿ, ನನಗೆ ತಿಳಿಸಿ.